ತುಮಕೂರಿನ ರಾತ್ರಿ ಬೀದಿಗೆ ‘ಸ್ಮಾರ್ಟ್ ಕಂಬ’ ಕೊಳ್ಳಬಹುದೇ? ಭಾಗ ಭಾಗವಾಗಿ ಬಿಚ್ಚಿ ನೋಡಿದ ವಿಮರ್ಶೆ

ಒಂದು ಕಂಬ. ನೆತ್ತಿಯಲ್ಲಿ ಜನ ಬಂದರೆ ಜೋರಾಗುವ ಎಲ್‌ಇಡಿ ದೀಪ, ಎದೆಮಟ್ಟದಲ್ಲಿ ಅಪಾಯದ ಹೊತ್ತಿಗೆ ಸಹಾಯ ಕರೆಯುವ ಕೆಂಪು ಗುಂಡಿ, ಅದರ ಮೇಲೆ ಕ್ಯಾಮೆರಾ, ಪಕ್ಕದಲ್ಲಿ ಪರದೆ, ಕೆಳಗೆ ಮೊಬೈಲ್ ಚಾರ್ಜಿಂಗ್ ಕಿಂಡಿ, ಹಿಂದೆ ಹಾಡಿನ ಸ್ಪೀಕರ್. ಜೊತೆಗೆ ಕೂತರೆ ಬೆಳಗುವ ಒಂದು ಬೆಂಚು. ‘ರಾತ್ರಿ ಸುರಕ್ಷತೆ’ ಎಂಬ ಹೆಸರಿನಲ್ಲಿ ಈ ಇಡೀ ಪ್ಯಾಕೇಜನ್ನು ವರ್ತಕರ ಸಂಘಗಳಿಗೆ, ಹೋಟೆಲ್ ಮಾಲೀಕರಿಗೆ, ಹಾಸ್ಟೆಲುಗಳಿಗೆ, ವಾರ್ಡಿನ ಕಾಮಗಾರಿಗಳಿಗೆ ಮಾರಲಾಗುತ್ತಿದೆ. ಯಾವುದೋ ಒಂದು ಕಂಪನಿಯ ಮಾಲನ್ನು ಹಿಡಿದು ಇಲ್ಲಿ ಬರೆಯುತ್ತಿಲ್ಲ. ಹೆಸರು ಬೇರೆಯಾದರೂ ಒಳಗಿನ ಭಾಗಗಳು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಆ ಭಾಗಗಳನ್ನೇ ಒಂದೊಂದಾಗಿ ನೋಡೋಣ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಪ್ಯಾಕೇಜನ್ನು ಇಡಿಯಾಗಿ ಕೊಳ್ಳಬೇಡಿ. ದೀಪ ಕೊಳ್ಳಿ. ಗುಂಡಿಯನ್ನು ಒತ್ತಿದಾಗ ಆ ಕಡೆಯಿಂದ ಕನ್ನಡದಲ್ಲಿ ಮಾತಾಡುವ ಮನುಷ್ಯರು ಇದ್ದಾರೆಂದು ಖಾತ್ರಿಯಾದರೆ ಮಾತ್ರ ಕೊಳ್ಳಿ. ಪರದೆ ಬಸ್ಸಿನ ಹೊತ್ತು ತೋರಿಸುವುದಾದರೆ ಯೋಚಿಸಿ. ಬೆಂಚು ಕಟ್ಟಿಸಿ, ಆದರೆ ಸೆನ್ಸರ್ ಇಲ್ಲದೆ. ಸ್ಪೀಕರ್, ಬಣ್ಣ ಬದಲಿಸುವ ದೀಪ, ಚಾರ್ಜಿಂಗ್ ಕಿಂಡಿಗೆ ದುಡ್ಡು ಹಾಕುವುದು ಬೇಡ.

ತುಮಕೂರಿನಲ್ಲಿ ಕಂಬ, ಕ್ಯಾಮೆರಾಗಳ ಮಾತು ಹೊಸದಲ್ಲ. 2016ರಲ್ಲೇ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಊರಿದು. ಆಮೇಲೆ ಬದಲಾಗಿರುವುದು ರಾತ್ರಿಯ ಹೊತ್ತು. ಬೆಂಗಳೂರಿನ ಜೊತೆಗೆ ಇತರ ಹತ್ತು ಮಹಾನಗರ ಪಾಲಿಕೆಗಳಲ್ಲೂ ವ್ಯಾಪಾರವನ್ನು ರಾತ್ರಿ 1 ಗಂಟೆವರೆಗೆ ವಿಸ್ತರಿಸುವ ಮಾತನ್ನು 2024-25ರ ರಾಜ್ಯ ಬಜೆಟ್ ಆಡಿತು. ಅದಕ್ಕೂ ಮೊದಲು, 2023ರ ಜೂನ್ 11ರಿಂದ, ಶಕ್ತಿ ಯೋಜನೆ ಹೆಂಗಸರಿಗೆ ಸರ್ಕಾರಿ ಬಸ್ಸಿನ ಬಾಗಿಲು ತೆರೆದಿತ್ತು. ಇಲ್ಲಿ ರಾತ್ರಿ ಓಡಾಟ ಎಂದರೆ ಬರೀ ಬಾರಲ್ಲ. ಗಾಡಿ ಮೇಲಿನ ಎಗ್‌ರೈಸು, ಗೋಬಿ, ಬಸ್ ನಿಲ್ದಾಣದ ಟೀ, ಎಸ್.ಎಸ್. ಪುರಂ ಕಡೆಯ ಪಿ.ಜಿ.ಗಳಿಗೆ ವಾಪಸಾಗುವ ಕಾಲೇಜು ಮಕ್ಕಳು. ವಸಂತನರಸಾಪುರ ಕೈಗಾರಿಕಾ ಪ್ರದೇಶದಿಂದ ಪಾಳಿ ಮುಗಿಸಿ ಇಳಿಯುವವರು. ರೈಲಿಳಿದು ಆಟೊ ಹುಡುಕುವವರು. ಎಂ.ಜಿ. ರಸ್ತೆ, ಟೌನ್‌ಹಾಲ್ ವೃತ್ತ, ಬಿ.ಎಚ್. ರಸ್ತೆಗಳಲ್ಲಿ ಇವರೆಲ್ಲ ಒಂದೇ ಪಾದಚಾರಿ ದಾರಿಯನ್ನು ಹಂಚಿಕೊಳ್ಳುತ್ತಾರೆ. ಸಲಕರಣೆ ಯಾವುದು ಬೇಕು ಎಂಬುದನ್ನು ಇವರ ಕಾಲಿನಿಂದ ಲೆಕ್ಕ ಹಾಕಬೇಕು, ಕ್ಯಾಟಲಾಗಿನಿಂದಲ್ಲ.

ಕಂಬ ಮಾರುವವರು ಹೊರದೇಶದ ಎರಡು ಬೀದಿಗಳ ಉದಾಹರಣೆಯನ್ನು ಮತ್ತೆ ಮತ್ತೆ ಎತ್ತುವುದರಿಂದ ಅವನ್ನೂ ನೋಡಿಬಿಡೋಣ. ಮೊದಲನೆಯದು ನೆದರ್ಲೆಂಡ್ಸಿನ ಐಂಡ್‌ಹೋವನ್ ನಗರದ ಸ್ಟ್ರಾಟುಮ್ಸೈಂಡ್, ಸಾಲು ಸಾಲು ಬಾರ್‌ಗಳ ಚಿಕ್ಕ ಬೀದಿ. ಕಳೆದ ದಶಕದಲ್ಲಿ ಅಲ್ಲಿ ಶಬ್ದ ಅಳೆಯುವ ಸೆನ್ಸರ್, ಜನರನ್ನು ಎಣಿಸುವ ಕ್ಯಾಮೆರಾ, ಬಣ್ಣ ಮತ್ತು ಪ್ರಖರತೆ ಬದಲಿಸುವ ದೀಪಗಳನ್ನು ಹಾಕಿ, ಬೆಳಕಿನಿಂದ ಜಗಳದ ಕಾವು ಇಳಿಸಬಹುದೇ ಎಂದು ಪ್ರಯೋಗ ನಡೆಸಿದರು. ಬೀದಿಯಲ್ಲಿ ನಡೆಯುವವರ ಖಾಸಗಿತನದ ಪ್ರಶ್ನೆಯೂ ಅದರ ಬೆನ್ನಿಗೇ ಎದ್ದಿತು. ಎರಡನೆಯದು ಸಿಡ್ನಿಯ ಕಿಂಗ್ಸ್ ಕ್ರಾಸ್. ಅರ್ಧ ಕಿಲೋಮೀಟರ್ ಬೀದಿ, ಜನ ಹೆಚ್ಚಿದ್ದ ರಾತ್ರಿಗಳಲ್ಲಿ 30,000ದಷ್ಟು ಯುವಜನ. ಪೊಲೀಸರನ್ನು, ಕ್ಯಾಮೆರಾಗಳನ್ನು ಹೆಚ್ಚಿಸಿದರೂ ಗಲಾಟೆ ತಗ್ಗದಿದ್ದಾಗ, ಕೀಸ್ ಡೋರ್ಸ್ಟ್ ಮತ್ತು ಜೊತೆಗಾರ ವಿನ್ಯಾಸಕರು ಪ್ರಶ್ನೆಯನ್ನೇ ತಿರುಗಿಸಿದರು: ಇದನ್ನು ಅಪರಾಧದ ತಾಣ ಅನ್ನುವ ಬದಲು ದೊಡ್ಡ ಸಂಗೀತೋತ್ಸವ ಅಂದುಕೊಂಡರೆ ಇಲ್ಲಿ ಏನೇನು ಇರಬೇಕಿತ್ತು? ಹಾಗೆ ನೋಡಿದಾಗ ಕಂಡದ್ದು, ಜನ ತುಂಬಿ ತುಳುಕುವುದು ರಾತ್ರಿ 1ಕ್ಕೆ, ಕೊನೆಯ ರೈಲು 1:20ಕ್ಕೆ, ಅದು ತಪ್ಪಿದರೆ ಬೆಳಗಾಗುವವರೆಗೆ ರೈಲಿಲ್ಲ. ಅವರು ಸೂಚಿಸಿದ್ದು ಹೆಚ್ಚಿನ ಸಾರಿಗೆ, ದಾರಿ ಹೇಳುವ ಫಲಕ, ಕೂತು ಸುಧಾರಿಸಿಕೊಳ್ಳುವ ಜಾಗ, ಶೌಚಾಲಯ, ದೂರದಿಂದಲೇ ಗುರುತು ಸಿಗುವ ಉಡುಪಿನ ಸಹಾಯಕರು.

ಇದು ನಮಗೆ ಹೊಸ ವಿದ್ಯೆಯಲ್ಲ. ಜಾತ್ರೆಗೆ ನಾವು ಹೀಗೇ ಅಣಿ ಮಾಡುತ್ತೇವೆ: ನೀರು, ನೆರಳು, ವಿಶೇಷ ಬಸ್ಸು, ಮಗು ತಪ್ಪಿಸಿಕೊಂಡರೆ ಹೋಗಿ ನಿಲ್ಲಲು ಮೈಕಿನ ಜಾಗ. ರಾತ್ರಿ ಬೀದಿಯೂ ದಿನಾ ನಡೆಯುವ ಸಣ್ಣ ಜಾತ್ರೆಯೇ. ಈ ಕಣ್ಣಿನಿಂದ ಕಂಬವನ್ನು ನೋಡಿದರೆ ಯಾವ ಭಾಗ ಬೇಕು, ಯಾವುದು ಬೇಡ ಎಂಬುದು ಬೇಗ ತಿಳಿಯುತ್ತದೆ.

ದೀಪ: ಕೊಳ್ಳಿ, ಆದರೆ ಅಳೆದು

ಪ್ಯಾಕೇಜಿನಲ್ಲಿ ನಿಜಕ್ಕೂ ಬೆಲೆ ಬಾಳುವುದು ಇದೇ. ಮಾರುವವರು ವ್ಯಾಟ್ ಹೇಳುತ್ತಾರೆ, ನೀವು ಲಕ್ಸ್, ಅಂದರೆ ಒಂದು ಜಾಗಕ್ಕೆ ಬೀಳುವ ಬೆಳಕಿನ ಅಳತೆ, ಕೇಳಿ. ರಸ್ತೆ ದೀಪಕ್ಕೆ ನಮ್ಮ ದೇಶದ ಐಎಸ್ 1944 ಮಾನದಂಡ ಮುಖ್ಯ ರಸ್ತೆಗಳಿಗೆ ಸರಾಸರಿ 30 ಅಥವಾ 15 ಲಕ್ಸ್, ಒಳರಸ್ತೆಗಳಿಗೆ 8 ಅಥವಾ 4 ಲಕ್ಸ್ ಹೇಳುತ್ತದೆ. ಆದರೆ ಅದು ರಸ್ತೆಯ ಮೈಮೇಲೆ, ಅಂದರೆ ವಾಹನ ಓಡಿಸುವವರ ಲೆಕ್ಕ. ನಡೆಯುವವರಿಗೆ ಬೇಕಾಗಿರುವುದು ಎದುರಿನಿಂದ ಬರುವವರ ಮುಖ. ಎರಡು ಕಂಬಗಳ ನಟ್ಟನಡುವೆ, ಅತಿ ಕತ್ತಲಿರುವ ಜಾಗದಲ್ಲಿ ನಿಂತು, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಲಕ್ಸ್ ಮೀಟರನ್ನು ನಡೆಯುವ ದಿಕ್ಕಿಗೆ ಎದುರಾಗಿ ಹಿಡಿಯಿರಿ. ಜನಸಂದಣಿಯ ಕಾಲುದಾರಿಯಲ್ಲಿ ಅಲ್ಲಿ 5 ಲಕ್ಸ್‌ಗಿಂತ ಕಡಿಮೆ ಬಂದರೆ ಆ ಜೋಡಣೆ ಸರಿಯಿಲ್ಲ. ಮೊಬೈಲ್ ಆ್ಯಪಿನ ಲಕ್ಸನ್ನು ನಂಬಬೇಡಿ. ಕೈಯಲ್ಲಿ ಹಿಡಿಯುವ ಮೀಟರನ್ನು ಬಾಡಿಗೆಗೆ ತಂದಾದರೂ ಅಳೆಯಿರಿ.

ಮೀಟರ್ ಸಿಗದಿದ್ದರೆ ಇನ್ನೊಂದು ಪರೀಕ್ಷೆ ಇದೆ. ಹತ್ತು ಹೆಜ್ಜೆ ದೂರದಲ್ಲಿ ಒಬ್ಬರನ್ನು ನಿಲ್ಲಿಸಿ. ಅವರು ನಗುತ್ತಿದ್ದಾರೋ ಮುಖ ಗಂಟಿಕ್ಕಿದ್ದಾರೋ ತಿಳಿಯಬೇಕು. ತಿಳಿಯದಿದ್ದರೆ ಕಾರಣ ಬೆಳಕಿನ ಕೊರತೆಯೊಂದೇ ಅಲ್ಲ, ದೀಪದ ಕೋರೈಸುವಿಕೆಯೂ ಇರಬಹುದು. ಬೀದಿದೀಪವೆಂದು ಸಾಮಾನ್ಯವಾಗಿ ಬರುವ 5700 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ, ಅಂಕಿ ಇಳಿದಷ್ಟೂ ಬೆಚ್ಚನೆ ಹಳದಿ) ನೀಲಿಬಿಳಿ ಎಲ್‌ಇಡಿಯನ್ನು ಗಾಜಿನ ಮರೆಯಿಲ್ಲದೆ ಕುಳ್ಳ ಕಂಬಕ್ಕೆ ಹಾಕಿದರೆ, ಅದರ ಕೆಳಗೆ ಹಗಲು, ಅದರಾಚೆಗೆ ಕಾಡಿಗೆಗತ್ತಲೆ. 3000ದಿಂದ 4000 ಕೆಲ್ವಿನ್, ಬಣ್ಣ ತೋರುವ ಸೂಚ್ಯಂಕ (ಸಿಆರ್‌ಐ) 70ಕ್ಕೆ ಮೇಲೆ, ದೀಪದ ಮೈ ಧೂಳು, ನೀರು ಒಳಹೋಗದ ಐಪಿ 66, ಸಿಡಿಲಿನ ಹೊಡೆತಕ್ಕೆ 10 ಕಿಲೋವೋಲ್ಟ್ ತಡೆ: ಇವಿಷ್ಟನ್ನು ಕೊಟೇಷನ್ನಿನಲ್ಲೇ ಬರೆಸಿಕೊಳ್ಳಿ. ಆರು ಮೀಟರ್ ಎತ್ತರದ ಕಂಬವಾದರೆ ಒಂದರಿಂದ ಒಂದಕ್ಕೆ 18ರಿಂದ 21 ಮೀಟರ್. ಕಂಬ ಉಳಿಸಲೆಂದು 30 ಮೀಟರಿಗೆ ಎಳೆದರೆ ನಡುವೆ ಕತ್ತಲ ಗುಂಡಿ ಬೀಳುತ್ತದೆ, ಎಷ್ಟು ವ್ಯಾಟ್ ಸುರಿದರೂ ತುಂಬುವುದಿಲ್ಲ. ಮರದ ಕೊಂಬೆಯನ್ನೂ ಈಗಲೇ ನೋಡಿ. ಹೊಂಗೆ ಚಿಗುರಿದ ಮೇಲೆ ದೀಪ ಎಲೆಯೊಳಗೆ ಉರಿಯುತ್ತಿರುತ್ತದೆ, ನೆಲದಲ್ಲಿ ನೆರಳಷ್ಟೇ ಇರುತ್ತದೆ.

ಇನ್ನು ‘ಜನ ಬಂದರೆ ಜೋರಾಗುವ’ ಗುಣ. ಸೆನ್ಸರ್ ಎರಡು ಬಗೆ. ಮೈಯ ಶಾಖ ಗುರುತಿಸುವ ಪಿಐಆರ್ ಸೆನ್ಸರ್ ಅಗ್ಗ. ಸುಮಾರು 8ರಿಂದ 12 ಮೀಟರ್ ಒಳಗಿನ ಚಲನೆಯನ್ನು ಹಿಡಿಯುತ್ತದೆ. ಸುತ್ತಲಿನ ಬಿಸಿ ಮೈಬಿಸಿಗೆ ಹತ್ತಿರವಾದಷ್ಟೂ ಅದರ ಕಣ್ಣು ಮಂಜಾಗುತ್ತದೆ. ತುಮಕೂರಿನ ರಾತ್ರಿಗಳಲ್ಲಿ ಆ ತೊಂದರೆ ಅಪರೂಪ. ಎರಡನೆಯದು 5.8 ಗಿಗಾಹರ್ಟ್ಸ್‌ನ ಮೈಕ್ರೋವೇವ್ ಸೆನ್ಸರ್. ಇನ್ನೂ ದೂರಕ್ಕೆ ಚುರುಕು, ಆದರೆ ಅಲ್ಲಾಡುವ ಕೊಂಬೆ, ಜೋರು ಮಳೆ, ಹಾದುಹೋಗುವ ಬೈಕು ಎಲ್ಲಕ್ಕೂ ಎಚ್ಚರವಾಗುತ್ತದೆ. ಬಿ.ಎಚ್. ರಸ್ತೆಯಂಥ ಕಡೆ ವಾಹನಗಳ ಓಡಾಟ ನಿಲ್ಲುವುದೇ ಇಲ್ಲ, ಹಾಗಾಗಿ ಮೈಕ್ರೋವೇವ್ ಹಾಕಿದರೆ ದೀಪ ಇಡೀ ರಾತ್ರಿ ಪೂರ್ತಿ ಉರಿಯುತ್ತದೆ. ಸೆನ್ಸರಿಗೆ ಕೊಟ್ಟ ದುಡ್ಡು ಹೋಯಿತು. ಮುಖ್ಯ ರಸ್ತೆಗೆ ಸೆನ್ಸರೇ ಬೇಡ. ಅದು ಬೇಕಿರುವುದು ಮುಖ್ಯ ರಸ್ತೆಯಿಂದ ಪಿ.ಜಿ., ಹಾಸ್ಟೆಲುಗಳ ಕಡೆಗೆ ಒಡೆಯುವ ಅಡ್ಡರಸ್ತೆಗೆ.

ಅಡ್ಡರಸ್ತೆಗೆ ಹಾಕುವಾಗ ಜೋಡಣೆ ಹೀಗಿರಲಿ. ರಾತ್ರಿ 1:30ರವರೆಗೆ ಮಂದ ಮಾಡುವ ಮಾತೇ ಬೇಡ. ಆಮೇಲೂ 40 ಪ್ರತಿಶತಕ್ಕಿಂತ ಕೆಳಗೆ ಇಳಿಸಬೇಡಿ. ಏರುವುದಕ್ಕೆ ಒಂದೆರಡು ಸೆಕೆಂಡ್ ಕೊಡಿ, ಫಕ್ಕನೆ ಹೊತ್ತಿದರೆ ಕಣ್ಣು ಕತ್ತಲಿಡುತ್ತದೆ. ಏರಿದ ಬೆಳಕು 90 ಸೆಕೆಂಡ್ ನಿಲ್ಲಲಿ. ಎಲ್ಲಕ್ಕಿಂತ ಮುಖ್ಯ, ಒಂದೊಂದು ದೀಪವೂ ತನ್ನಷ್ಟಕ್ಕೆ ತಾನು ಏರಬಾರದು. ಒಂಟಿಯಾಗಿ ನಡೆಯುವ ಹುಡುಗಿಯ ತಲೆ ಮೇಲೆ ಮಾತ್ರ ಬೆಳಕು ಬಿದ್ದು ಸುತ್ತಲೂ ಕತ್ತಲಿದ್ದರೆ, ಅವಳು ಎಲ್ಲರಿಗೂ ಕಾಣುತ್ತಾಳೆ, ಅವಳಿಗೆ ಯಾರೂ ಕಾಣುವುದಿಲ್ಲ. ಸುರಕ್ಷತೆಗೆಂದು ಹಾಕಿದ ದೀಪ ಅವಳ ಜಾಗವನ್ನು ಸಾರಿ ಹೇಳಿದಂತಾಗುತ್ತದೆ. ಆದ್ದರಿಂದ ದೀಪಗಳನ್ನು ನಿಸ್ತಂತುವಾಗಿ ಗುಂಪು ಮಾಡಿಸಿ: ಮುಂದೆ ಮೂರು, ಹಿಂದೆ ಎರಡು ಒಟ್ಟಿಗೆ ಏರಬೇಕು. ಗುಂಪು ಮಾಡಲು ಬರದ ದೀಪವಾದರೆ ಸೆನ್ಸರ್ ಕಳಚಿ, ಸಾದಾ ದೀಪವಾಗಿಯೇ ಉರಿಯಲು ಬಿಡಿ.

ಕರೆಂಟು ಉಳಿತಾಯದ ಆಸೆ ತೋರಿಸಿದರೆ ಲೆಕ್ಕ ಹಾಕಿ. 60 ವ್ಯಾಟ್ ದೀಪ ರಾತ್ರಿ ಹನ್ನೊಂದೂವರೆ ಗಂಟೆ ಪೂರ್ತಿ ಉರಿದರೆ 0.69 ಯೂನಿಟ್. ಕೊನೆಯ ಐದು ಗಂಟೆ ಅದನ್ನು 24 ವ್ಯಾಟಿಗೆ ಇಳಿಸಿದರೆ ಉಳಿಯುವುದು 0.18 ಯೂನಿಟ್. ಇಪ್ಪತ್ತು ದೀಪಕ್ಕೆ ರಾತ್ರಿಗೆ ನಾಲ್ಕು ಯೂನಿಟ್ ಕೂಡ ಇಲ್ಲ. ಅಷ್ಟಕ್ಕಾಗಿ ಬೀದಿಯನ್ನು ಮಬ್ಬು ಮಾಡುವುದು ನಮ್ಮ ಪ್ರಕಾರ ತಪ್ಪು ವ್ಯಾಪಾರ.

ಕ್ಯಾಟಲಾಗಿನಲ್ಲಿಲ್ಲದ, ಆದರೆ ಕಂಬಕ್ಕಿಂತ ಹೆಚ್ಚು ಕೆಲಸ ಮಾಡುವ ಒಂದು ಉಪಾಯ ಹೇಳಲೇಬೇಕು. ಎಂ.ಜಿ. ರಸ್ತೆಯಂಥ ಅಂಗಡಿ ಬೀದಿಯಲ್ಲಿ ಸಂಜೆಯ ಬೆಳಕಿನಲ್ಲಿ ದೊಡ್ಡ ಪಾಲು ಅಂಗಡಿಗಳದ್ದೇ. ಷಟರ್ ಎಳೆದ ಕೂಡಲೇ ಅದು ಆರಿಹೋಗಿ ಪಾದಚಾರಿ ದಾರಿ ಕತ್ತಲಾಗುತ್ತದೆ. ಹೊರಗಿನವರು ಆಟೊಗೆ ಕಾಯುವುದು ಅದೇ ಹೊತ್ತಿಗೆ. ಪ್ರತಿ ಷಟರಿನ ಮೇಲೆ ಒಂದು 9 ವ್ಯಾಟಿನ ಬೆಚ್ಚನೆ ಬಣ್ಣದ ಬಲ್ಬು, ಅದಕ್ಕೊಂದು ಟೈಮರ್. ದಿನಕ್ಕೆ ಆರು ಗಂಟೆ ಉರಿದರೂ ತಿಂಗಳಿಗೆ 1.62 ಯೂನಿಟ್. ಈ ಬೆಳಕು ತಲೆಯ ಮೇಲಿನಿಂದಲ್ಲ, ಪಕ್ಕದಿಂದ ಬೀಳುತ್ತದೆ; ಮುಖ ಕಾಣಲು ಬೇಕಾಗಿರುವುದೂ ಅದೇ. ಒಂದು ಸಾಲಿನ ಅಂಗಡಿಯವರೆಲ್ಲ ಒಪ್ಪಿ ಹಾಕಿದರೆ ಎರಡು ಸ್ಮಾರ್ಟ್ ಕಂಬದ ಖರ್ಚು ಉಳಿಯುತ್ತದೆ.

ಗುಂಡಿ: ಆ ಕಡೆ ಯಾರಿದ್ದಾರೆ ಎಂಬುದೇ ಇದರ ಬೆಲೆ

ಹತ್ತಿರದಿಂದ ನೋಡಿದರೆ ಇದು ಸರಳ ಯಂತ್ರ. ಉಕ್ಕಿನ ತಟ್ಟೆಯ ನಡುವೆ ಅಂಗೈಯಗಲದ ಕೆಂಪು ಗುಂಡಿ, ಸುತ್ತ ಉಂಗುರದಂಥ ದೀಪ, ಮೇಲೆ ಅಗಲಗಣ್ಣಿನ ಕ್ಯಾಮೆರಾ, ಕೆಳಗೆ ಸಣ್ಣ ತೂತುಗಳ ಹಿಂದೆ ಮೈಕು ಮತ್ತು ಸ್ಪೀಕರ್. ಒಳಗೆ 4ಜಿ ಸಿಮ್ ಹಾಕಿದ ರೂಟರ್, ಒಂದು ಬ್ಯಾಟರಿ, ಒಂದು ಸರ್ಕ್ಯೂಟ್ ಬೋರ್ಡ್. ಗುಂಡಿ ನೆಲದಿಂದ 90ರಿಂದ 110 ಸೆಂಟಿಮೀಟರ್ ಎತ್ತರದಲ್ಲಿರಬೇಕು, ಗಾಲಿಕುರ್ಚಿಯಲ್ಲಿ ಕೂತವರಿಗೂ ಎಟುಕುವಂತೆ. ಬ್ಯಾಟರಿ 12.8 ವೋಲ್ಟ್, 20 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಆದರೆ 256 ವ್ಯಾಟ್ ಅವರ್. ಒಟ್ಟು ಹೊರೆ 12 ವ್ಯಾಟ್ ಎಂದಿಟ್ಟು, ಎಂಬತ್ತು ಪ್ರತಿಶತ ಬಳಸಿದರೂ 17 ಗಂಟೆ ಬರುತ್ತದೆ. ಅಗ್ಗದ ಮಾಲಿನಲ್ಲಿ 7 ಆಂಪಿಯರ್ ಅವರ್‌ನ ಸೀಸದ ಬ್ಯಾಟರಿ ಇರುತ್ತದೆ, ಪೆಟ್ಟಿಗೆಯ ಬಿಸಿಗೆ ಒಂದೆರಡು ಬೇಸಿಗೆಯಲ್ಲೇ ಅದರ ಜೀವ ಮುಗಿಯುತ್ತದೆ. ಕರೆಂಟು ಹೋದಾಗಲೇ ಗುಂಡಿ ಬೇಕಾಗುವುದು ಎಂಬುದನ್ನು ಮರೆಯಬೇಡಿ.

ಬೆಂಗಳೂರಿನಲ್ಲಿ ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯಡಿ ‘ಸೇಫ್ಟಿ ಐಲ್ಯಾಂಡ್’ ಹೆಸರಿನ ಇಂಥ ತಾಣಗಳಿವೆ. ಗುಂಡಿ ಒತ್ತಿದರೆ ಕರೆ ಪೊಲೀಸ್ ಕಮಾಂಡ್ ಸೆಂಟರಿಗೆ ಹೋಗುತ್ತದೆ. ಅಲ್ಲಿ ಗುಂಡಿಯ ಬೆಲೆ ಇರುವುದು ಆ ಸಂಪರ್ಕದಲ್ಲಿ. ಸಂಘವೊಂದು ತಾನೇ ದುಡ್ಡು ಕೊಟ್ಟು ಕಂಬ ನೆಟ್ಟರೆ ಆ ಸಂಪರ್ಕ ತಾನಾಗಿ ಬರುವುದಿಲ್ಲ. ಅನೇಕ ಪ್ಯಾಕೇಜುಗಳಲ್ಲಿ ಕರೆ ಹೋಗುವುದು ಮಾರಿದವರ ‘ಮಾನಿಟರಿಂಗ್ ಕೇಂದ್ರ’ಕ್ಕೆ. ಅದು ಬೇರೆ ರಾಜ್ಯದಲ್ಲಿದ್ದರೆ ಎತ್ತಿದವರಿಗೆ ಕನ್ನಡ ಬಾರದಿರಬಹುದು, ಟೌನ್‌ಹಾಲ್ ವೃತ್ತ ಎಲ್ಲಿದೆಯೆಂದು ತಿಳಿಯದಿರಬಹುದು. ಅವರು ಮತ್ತೆ ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಿ ಹೇಳಬೇಕು. ಈ ಸುತ್ತುಬಳಸಿನಲ್ಲಿ ಕಳೆಯುವ ನಿಮಿಷ ಅಪಾಯದಲ್ಲಿರುವವರ ನಿಮಿಷ. ಕೊಳ್ಳುವ ಮುಂಚೆ ಜಿಲ್ಲಾ ಪೊಲೀಸ್ ಕಚೇರಿಗೆ ಲಿಖಿತವಾಗಿ ಕೇಳಿ: ಈ ಕಂಬಗಳ ಕರೆಯನ್ನು ನಿಮ್ಮ ನಿಯಂತ್ರಣ ಕೊಠಡಿ ತೆಗೆದುಕೊಳ್ಳುತ್ತದೆಯೇ? ಒಪ್ಪಿಗೆ ಪತ್ರ ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ.

ಪರೀಕ್ಷೆ ಮಾಡುವುದು ಹೀಗೆ. ಮಾರುವವರ ಅಂಗಡಿಯಲ್ಲಿ ಮಧ್ಯಾಹ್ನ ಬೇಡ. ಮೊದಲೇ ತಿಳಿಸಿದ ಒಂದು ವಾರದೊಳಗೆ, ಯಾವ ದಿನವೆಂದು ಹೇಳದೆ, ರಾತ್ರಿ 11ರ ಮೇಲೆ, ನೆಟ್ಟ ಜಾಗದಲ್ಲೇ ಒತ್ತಿ. ಮನುಷ್ಯರ ದನಿ ಕೇಳುವವರೆಗೆ ಸೆಕೆಂಡ್ ಎಣಿಸಿ. ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂಬ ಧ್ವನಿಮುದ್ರಣ ಲೆಕ್ಕಕ್ಕಿಲ್ಲ. ಹತ್ತು ಸೆಕೆಂಡಿನೊಳಗಾದರೆ ಒಳ್ಳೆಯದು, ಮೂವತ್ತು ದಾಟಿದರೆ ಮಾಲು ವಾಪಸು. ಆಮೇಲೆ ಮೊದಲ ಮಾತನ್ನು ಗಮನಿಸಿ. ‘ಎಲ್ಲಿಂದ ಮಾತಾಡ್ತಿದ್ದೀರಿ?’ ಎಂದರೆ ಕಂಬದ ಜಾಗವನ್ನು ಅವರ ನಕ್ಷೆಗೆ ಸೇರಿಸಿಯೇ ಇಲ್ಲ ಎಂದರ್ಥ. ‘ಹೇಳಮ್ಮ, ಟೌನ್‌ಹಾಲ್ ಹತ್ರ ನಾಲ್ಕನೇ ಕಂಬದಿಂದ ಒತ್ತಿದೀರ, ಏನಾಯ್ತು?’ ಎಂದರೆ ಸರಿಯಾಗಿದೆ. ಮೂರನೆಯದಾಗಿ, ಪಕ್ಕದಲ್ಲಿ ಬಸ್ಸು ಹಾರ್ನ್ ಹೊಡೆಯುವಾಗ ಮಾತು ಕೇಳುತ್ತದೆಯೇ? ನಾಲ್ಕನೆಯದಾಗಿ, ಮಾತಾಡಲು ಬಾರದವರು ಒತ್ತಿದರೆ ಏನಾಗುತ್ತದೆ? ಕರೆ ಎತ್ತಿದ ಕೂಡಲೇ ಉಂಗುರದ ದೀಪ ಹಸಿರಾಗಬೇಕು, ತಮ್ಮನ್ನು ಯಾರೋ ನೋಡುತ್ತಿದ್ದಾರೆಂದು ಅವರಿಗೆ ತಿಳಿಯಬೇಕು.

ಕೆಡುವುದು ಎಲ್ಲಿ? ದೊಡ್ಡ ಯಂತ್ರದೋಷದಿಂದ ಅಲ್ಲ. ಸಿಮ್‌ಗೆ ರೀಚಾರ್ಜ್ ಮಾಡಲು ಮರೆಯುವುದು ಮೊದಲ ಕಾರಣ. ಪೆಟ್ಟಿಗೆಯ ಬಿಸುಪಿಗೆ ಇರುವೆ, ಹಲ್ಲಿ ಸೇರಿ ಬೋರ್ಡು ಸುಡುವುದು ಇನ್ನೊಂದು. ವೈರು ಒಳಹೋಗುವ ತೂತಿಗೆ ಗ್ಲ್ಯಾಂಡ್ (ವೈರಿನ ಸುತ್ತ ಸಂದು ಮುಚ್ಚುವ ಬಿಗಿ ಉಂಗುರ) ಹಾಕಿ ಬಿಗಿಯದಿದ್ದರೆ ಇದು ಖಂಡಿತ. ಮೈಕಿನ ತೂತಿಗೆ ಧೂಳು, ಮಳೆನೀರು. ಕ್ಯಾಮೆರಾ ಮೇಲೆ ಟ್ಯೂಷನ್ ಪೋಸ್ಟರ್. ಇವೆಲ್ಲದರ ಕೆಟ್ಟ ಗುಣವೆಂದರೆ ಹೊರಗಿನಿಂದ ಕಾಣುವುದಿಲ್ಲ. ಉಂಗುರದ ದೀಪ ಮಾತ್ರ ಚೆನ್ನಾಗಿ ಹೊಳೆಯುತ್ತಿರುತ್ತದೆ. ಸತ್ತ ಗುಂಡಿ ಗುಂಡಿಯೇ ಇಲ್ಲದಿರುವುದಕ್ಕಿಂತ ಅಪಾಯ, ಏಕೆಂದರೆ ಓಡಬಹುದಾಗಿದ್ದವರು ಅದನ್ನು ನಂಬಿ ನಿಂತುಬಿಡುತ್ತಾರೆ. ಪ್ರತಿದಿನ ಬೆಳಗಿನ ಜಾವ ಕಂಬ ತಾನೇ ಒಂದು ಪರೀಕ್ಷಾ ಕರೆ ಮಾಡಿ, ವಿಫಲವಾದರೆ ಸಂಘದ ಇಬ್ಬರ ಮೊಬೈಲಿಗೆ ಸಂದೇಶ ಕಳಿಸಬೇಕು, ಉಂಗುರದ ದೀಪ ಆರಬೇಕು. ಈ ಸೌಲಭ್ಯವಿಲ್ಲದ ಗುಂಡಿ ಎಷ್ಟು ಅಗ್ಗವಾದರೂ ಬೇಡ.

ಹಾಕುವ ಜಾಗದಲ್ಲೂ ತಪ್ಪಾಗುತ್ತದೆ. ಕತ್ತಲ ಮೂಲೆಯಲ್ಲೇ ಭಯ ಎಂದು ಅಲ್ಲಿ ನೆಡುತ್ತಾರೆ. ಹೆದರಿದವರು ಕತ್ತಲೆ ಕಡೆಗೆ ಓಡುವುದಿಲ್ಲ, ಬೆಳಕಿರುವ ಕಡೆಗೆ ಓಡುತ್ತಾರೆ. ಆಟೊ ನಿಲ್ದಾಣ, ರಾತ್ರಿ ತೆರೆದಿರುವ ಮೆಡಿಕಲ್ ಸ್ಟೋರ್, ಟೀ ಅಂಗಡಿ, ಎಟಿಎಂ ಇವುಗಳ ಕಣ್ಣಳತೆಯಲ್ಲಿ ಗುಂಡಿ ಇರಲಿ. ಸಹಾಯಕ್ಕೆ ಮೊದಲು ಬರುವುದು ಪೊಲೀಸ್ ಗಾಡಿಯಲ್ಲ, ಅಲ್ಲಿರುವ ಆಟೊದವರು, ಟೀ ಅಂಗಡಿಯವರು. ಅವರಿಗೆ ಗುಂಡಿ ಒತ್ತಿದಾಗ ಹೊತ್ತುವ ಬೀಕನ್ (ಎಚ್ಚರಿಕೆ ದೀಪ) ಕಾಣಬೇಕು, ಹೊತ್ತಿದಾಗ ಏನು ಮಾಡಬೇಕೆಂದು ಮೊದಲೇ ಹೇಳಿಕೊಟ್ಟಿರಬೇಕು: ಹತ್ತಿರ ಹೋಗಿ, ಮುಟ್ಟದೆ, ‘ಏನಕ್ಕಾ, ಏನಾಯ್ತು, ನಾವಿದೀವಿ’ ಎಂದು ನಿಲ್ಲುವುದು.

ಪೊಲೀಸ್ ಒಪ್ಪಿಗೆ ಸಿಗದಿದ್ದರೆ ಇದಕ್ಕೆ ಅಗ್ಗದ ಪರ್ಯಾಯವಿದೆ. ಈಗಿರುವ ಪ್ರತಿ ಕಂಬಕ್ಕೆ ಹದಿನೈದು ಸೆಂಟಿಮೀಟರ್ ಎತ್ತರದ ಅಂಕಿಯಲ್ಲಿ, ಬೆಳಕು ಬಿದ್ದರೆ ಹೊಳೆಯುವ ಬಣ್ಣದಲ್ಲಿ ಒಂದು ಸಂಖ್ಯೆ ಬರೆಸಿ. ಕೆಳಗೆ ‘ಕರೆ: 112. ಈ ಕಂಬದ ಸಂಖ್ಯೆ ಹೇಳಿ’ ಎಂದಿರಲಿ. ಸಂಖ್ಯೆಗಳ ನಕ್ಷೆಯನ್ನು ಪೊಲೀಸ್ ಠಾಣೆಗೆ, 108 ಆಂಬುಲೆನ್ಸ್‌ನವರಿಗೆ, ಬೆಸ್ಕಾಂ ಶಾಖಾ ಕಚೇರಿಗೆ ಕೊಡಿ. ಹೊಸಬರು ಬೀದಿಯ ಹೆಸರು ತಿಳಿಯದೆ ತಡಕಾಡುವುದು ತಪ್ಪುತ್ತದೆ. ಗುಂಡಿಯನ್ನು ಜನ ಜೇಬಿನಲ್ಲೇ ಇಟ್ಟುಕೊಂಡಿದ್ದಾರೆ ಎಂಬುದೂ ನೆನಪಿರಲಿ: 2017ರಿಂದ ದೇಶದಲ್ಲಿ ಮಾರುವ ಫೋನುಗಳಲ್ಲಿ ಪ್ಯಾನಿಕ್ ಬಟನ್ ಇರಬೇಕೆಂಬುದು ನಿಯಮ. ಸಾದಾ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯುವುದು, ಸ್ಮಾರ್ಟ್ ಫೋನಿನಲ್ಲಿ ಪವರ್ ಬಟನ್ನನ್ನು ಮೂರು ಸಲ ಬೇಗ ಬೇಗ ಒತ್ತುವುದು. ಇಷ್ಟನ್ನು ಚಿತ್ರಸಮೇತ ಫಲಕದಲ್ಲಿ ಹಾಕಿಸಿದರೆ ಅದೂ ಒಂದು ಸುರಕ್ಷತಾ ಸಲಕರಣೆಯೇ. ಕೆಲವು ಫೋನುಗಳಲ್ಲಿ ಒತ್ತುವ ರೀತಿ ಬೇರೆ ಇರುತ್ತದೆ, ಸೆಟ್ಟಿಂಗ್ಸ್‌ನಲ್ಲಿ ನೋಡಿಕೊಳ್ಳಿ ಎಂದೂ ಸೇರಿಸಿ.

ಬೆಂಚು, ಪರದೆ, ಉಳಿದವು

ಕೂತರೆ ಬೆಳಗುವ ಬೆಂಚು ಕಾಣಲು ಚೆಂದ. 2014ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಬೀದಿದೀಪದ ಕೆಳಗೆ ನಡೆದವರ ನೆರಳನ್ನು ಹಿಡಿದಿಟ್ಟು ಮುಂದೆ ಬಂದವರಿಗೆ ನೆಲದ ಮೇಲೆ ತೋರಿಸುವ ಕಲಾಕೃತಿ ಮಾಡಿದ್ದರು. ಜನ ನಿಂತು, ಆಡಿ, ನಕ್ಕು ಹೋಗುವಂಥದ್ದು. ಜನ ನಿಲ್ಲುವ ಬೀದಿಯಲ್ಲಿ ಕಣ್ಣುಗಳು ಹೆಚ್ಚು, ಕೇಡು ಕಡಿಮೆ. ಆ ತರ್ಕ ನಮಗೂ ಒಪ್ಪಿಗೆ. ಆದರೆ ಬೆಂಚಿನೊಳಗಿನ ತೂಕದ ಸೆನ್ಸರಿಗೆ ಮಣ್ಣು ಸೇರುತ್ತದೆ, ಸ್ಪರ್ಶದ ಸೆನ್ಸರ್ ಮಳೆನೀರನ್ನೇ ಮನುಷ್ಯ ಅಂದುಕೊಳ್ಳುತ್ತದೆ. 45 ಸೆಂಟಿಮೀಟರ್ ಎತ್ತರ, ಅಷ್ಟೇ ಅಗಲದ ಗಟ್ಟಿ ಕಲ್ಲು ಅಥವಾ ಕಾಂಕ್ರೀಟ್ ಕಟ್ಟೆ ಕಟ್ಟಿಸಿ, ಅಡಿಯಲ್ಲಿ 24 ವೋಲ್ಟಿನ ಬೆಚ್ಚನೆ ಎಲ್‌ಇಡಿ ಪಟ್ಟಿಯನ್ನು ಅಲ್ಯೂಮಿನಿಯಂ ಚಾನೆಲ್ಲಿನಲ್ಲಿ ಕೂರಿಸಿ, ಸಂಜೆಯಿಂದ ಬೆಳಗಿನವರೆಗೆ ಉರಿಯಲು ಬಿಡಿ. ಕಟ್ಟೆಯ ಬೆನ್ನು ಗೋಡೆಗಿರಲಿ, ಮುಖ ರಸ್ತೆಗೆ. ಬೆನ್ನ ಹಿಂದೆ ಕತ್ತಲಿರುವ ಕಡೆ ಹೆಂಗಸರು ಕೂರುವುದಿಲ್ಲ. ಬಾರಿನ ಬಾಗಿಲೆದುರು ಬೇಡ, ಬಸ್ಸು ನಿಲ್ಲುವಲ್ಲಿ ಬೇಕು.

ಪರದೆಯಲ್ಲಿ ಜಾಹೀರಾತು ಓಡುವುದಾದರೆ ಅದು ಮಾರುವವರ ಲಾಭಕ್ಕೆ. ಮುಂದಿನ ಬಸ್ಸು, ಕೊನೆಯ ಬಸ್ಸು, ರೈಲು ನಿಲ್ದಾಣದ ದಾರಿ, ಹತ್ತಿರದ ಶೌಚಾಲಯ ತೋರಿಸಿದರೆ ಅದು ಬೀದಿಗೆ. ಕಿಂಗ್ಸ್ ಕ್ರಾಸ್‌ನ ಪಾಠ ಇಲ್ಲಿ ನೇರವಾಗಿ ಅನ್ವಯಿಸುತ್ತದೆ: ಕೊನೆಯ ಬಸ್ಸು ಹೋಯಿತೋ ಇಲ್ಲವೋ ತಿಳಿಯದೆ ನಿಂತವರೇ ಹೆಚ್ಚು ಅಪಾಯದಲ್ಲಿರುವವರು. ಕನ್ನಡ ಅಕ್ಷರಕ್ಕೆ ಒಂದು ಎಚ್ಚರಿಕೆ. 16 ಚುಕ್ಕಿ ಎತ್ತರದ ಸಾಲಿನಲ್ಲಿ ಇಂಗ್ಲಿಷ್ ಓದಬಹುದು, ನಮ್ಮ ಒತ್ತಕ್ಷರ ಕಲಸಿಹೋಗುತ್ತದೆ. ‘ಕ್ಯಾತ್ಸಂದ್ರ’ ಎಂದು ತೋರಿಸಿ ನೋಡಿದರೆ ಗೊತ್ತಾಗುತ್ತದೆ. ಸಾಲಿಗೆ 32 ಚುಕ್ಕಿ ಬೇಕು. ಚುಕ್ಕಿಗಳ ನಡುವೆ 3 ಮಿಲಿಮೀಟರ್ ಅಂತರದ ಪರದೆಯಾದರೆ ಅಕ್ಷರದ ಸಾಲು ಸುಮಾರು 10 ಸೆಂಟಿಮೀಟರ್ ಆಗುತ್ತದೆ, ರಸ್ತೆ ದಾಟುವ ಮುಂಚೆಯೇ ಓದಬಹುದು. ರಾತ್ರಿ ಪರದೆಯ ಪ್ರಖರತೆ ತಾನಾಗಿ ತಗ್ಗಬೇಕು, ಇಲ್ಲದಿದ್ದರೆ ದೀಪಕ್ಕೆ ಮಾಡಿದ ಲೆಕ್ಕವೆಲ್ಲ ಹಾಳು.

ಸ್ಪೀಕರ್ ಬೇಡ. ಶಬ್ದ ಮಾಲಿನ್ಯದ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ವಾಣಿಜ್ಯ ಪ್ರದೇಶಕ್ಕೆ 55 ಡೆಸಿಬಲ್, ವಸತಿ ಪ್ರದೇಶಕ್ಕೆ 45 ಡೆಸಿಬಲ್ ಮಿತಿ. ಹಾಡುವ ಕಂಬ ಬೇಕೆನಿಸುವ ಹೊತ್ತಿನಲ್ಲೇ ಅದು ಬಾಯಿ ಮುಚ್ಚಿಕೊಂಡಿರಬೇಕು. ಚಾರ್ಜಿಂಗ್ ಕಿಂಡಿಯೊಳಗೆ ನೀರು, ಕಸ ಸೇರಿ ಬೇಗ ಕೆಡುತ್ತದೆ. ಪಕ್ಕದ ಟೀ ಅಂಗಡಿಯವರು ಒಂದು ಚಾರ್ಜರ್ ಇಟ್ಟರೆ ಸಾಕು. ಕ್ಯಾಮೆರಾ ನಡೆದದ್ದನ್ನು ಆಮೇಲೆ ತೋರಿಸುತ್ತದೆ, ನಡೆಯುವುದನ್ನು ತಡೆಯುವುದಿಲ್ಲ. ಹಾಕುವುದಾದರೆ ದೃಶ್ಯಗಳು ಯಾರ ಬಳಿ, ಎಷ್ಟು ದಿನ ಇರುತ್ತವೆ, ಯಾರು ನೋಡಬಹುದು ಎಂದು ಕಂಬದ ಮೇಲೇ ಬರೆದಿರಲಿ.

ನೆಡುವಾಗ ನೋಡಬೇಕಾದದ್ದು

ಜನ ಮುಟ್ಟುವ ಕಂಬ ಇದು, ಕರೆಂಟಿನ ವಿಷಯದಲ್ಲಿ ಚೌಕಾಸಿ ಬೇಡ. ಕೈಗೆಟುಕುವ ಎತ್ತರದಲ್ಲಿ 230 ವೋಲ್ಟ್ ಇರಬಾರದು. ಗುಂಡಿ, ಪಟ್ಟಿದೀಪ ಎಲ್ಲ 12 ಅಥವಾ 24 ವೋಲ್ಟ್ ಡಿಸಿ. ಕಂಬಕ್ಕೆ ಕರೆಂಟು ಸೋರಿದ ಕೂಡಲೇ ತಾನೇ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ಚು, ಪ್ರತ್ಯೇಕ ಅರ್ಥಿಂಗ್. ಅರ್ಥಿಂಗನ್ನು ಬೇಸಿಗೆಯಲ್ಲಿ ಅಳೆಯಿರಿ. ಮಳೆಗಾಲದ ಒದ್ದೆ ನೆಲದಲ್ಲಿ ಕೆಟ್ಟ ಅರ್ಥಿಂಗ್ ಕೂಡ ಪಾಸಾಗುತ್ತದೆ. ಜಂಕ್ಷನ್ ಬಾಕ್ಸ್ ಪಾದಚಾರಿ ದಾರಿಯಿಂದ ಕನಿಷ್ಠ 30 ಸೆಂಟಿಮೀಟರ್ ಮೇಲಿರಲಿ, ನೀರು ನಿಲ್ಲುವ ಕಡೆ ಇನ್ನೂ ಮೇಲೆ. ನಮ್ಮಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಎಂಬುದನ್ನು ಗುತ್ತಿಗೆದಾರರು ಜೂನಿನಲ್ಲಿ ನೆನೆಯುವುದಿಲ್ಲ.

ಕಂಬದ ಬುಡವೂ ಜಾಗ ತಿನ್ನುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 103 ಮಾರ್ಗಸೂಚಿ ಪಾದಚಾರಿ ದಾರಿಗೆ ಕನಿಷ್ಠ 1.8 ಮೀಟರ್ ತಡೆಯಿಲ್ಲದ ಅಗಲ ಕೇಳುತ್ತದೆ. 60 ಸೆಂಟಿಮೀಟರಿನ ಕಾಂಕ್ರೀಟ್ ಪೀಠವನ್ನು ನಡುಮಧ್ಯೆ ಕಟ್ಟಿದರೆ ನಡೆಯುವವರು ರಸ್ತೆಗಿಳಿಯುತ್ತಾರೆ, ಸುರಕ್ಷತೆಯ ಕಂಬವೇ ಅವರನ್ನು ಲಾರಿಯ ದಾರಿಗೆ ತಳ್ಳಿದಂತಾಗುತ್ತದೆ. ಗಾಡಿ ವ್ಯಾಪಾರಿಗಳನ್ನು ಎಬ್ಬಿಸಿ ಕಂಬ ನೆಡುವ ಯೋಜನೆ ಬಂದರೆ ಗಟ್ಟಿಯಾಗಿ ವಿರೋಧಿಸಿ. ರಾತ್ರಿ ಹನ್ನೆರಡರವರೆಗೆ ಬೆಳಕು ಹಚ್ಚಿಕೊಂಡು, ಬಂದವರ ಮುಖ ನೋಡಿಕೊಂಡು ನಿಲ್ಲುವವರು ಅವರೊಬ್ಬರೇ. ಯಾವ ಸೆನ್ಸರಿಗೂ ಆ ಕಣ್ಣಿಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಡಿ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಕಂಬದ ಜಾಗವನ್ನು ಆ ಸಮಿತಿಯಲ್ಲಿ ಕೂತು ಗುರುತಿಸಿ.

ಒಪ್ಪಂದದಲ್ಲಿ ಐದು ವರ್ಷದ ನಿರ್ವಹಣೆ, ಸಿಮ್ ರೀಚಾರ್ಜ್ ಮಾರಿದವರದ್ದೇ, ಕೆಟ್ಟರೆ 24 ಗಂಟೆಯೊಳಗೆ ದುರಸ್ತಿ, ತಪ್ಪಿದರೆ ದಿನದ ಲೆಕ್ಕದಲ್ಲಿ ದಂಡ ಎಂದು ಬರೆಸಿ. ಸಾಫ್ಟ್‌ವೇರಿನ ಪಾಸ್‌ವರ್ಡ್ ಸಂಘದ ಕೈಯಲ್ಲೂ ಇರಲಿ, ಇಲ್ಲವಾದರೆ ಕಂಪನಿ ಮುಚ್ಚಿದ ದಿನ ಕಂಬವೂ ಮುಚ್ಚುತ್ತದೆ. ಹಣದಲ್ಲಿ ಹತ್ತು ಪ್ರತಿಶತವನ್ನು ತಡೆದಿಡಿ. ನವೆಂಬರಿನಲ್ಲಿ ಮಳೆ ನಿಂತ ಮೇಲೆ ಪ್ರತಿ ಕಂಬದ ಪೆಟ್ಟಿಗೆ ತೆರೆಸಿ ಒಳಗೆ ತೇವ ನೋಡಿ, ಲಕ್ಸ್ ಮತ್ತೆ ಅಳೆದು, ಪ್ರತಿ ಗುಂಡಿಯನ್ನೂ ರಾತ್ರಿ ಒತ್ತಿ ಉತ್ತರ ಬಂದಮೇಲೆ ಆ ಕೊನೆಯ ಕಂತಿನ ಚೆಕ್ಕಿಗೆ ಸಹಿ ಹಾಕಿ.